ನಿಸ್ತಂತು ಕಾರ್ಡು ಮತ್ತು ಅದರ ದುಭಾಷಿ

ಯಂತ್ರವು ಕೆಟ್ಟಾಗ ಅದನ್ನು ಮೂಲೆಗಿಡುವುದು ಲೋಕರೂಢಿ. ಆದರೆ ಕೆಡದೆಯೇ ಮೂಲೆ ಸೇರುವ ಯಂತ್ರಗಳೂ ಉಂಟು. ಲ್ಯಾಪ್‌ಟಾಪ್ ಗಣಕವು ಅಂತಹವುಗಳಲ್ಲೊಂದು. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಬೇಕಾದ ಅರ್ಹತೆಗಳು ಅನೇಕ ಹಳೆಯ ಗಣಕಗಳಿಗೆ ಇಲ್ಲ. ಅಂತಹ ಗಣಕಗಳಲ್ಲಿ ಲಿನಕ್ಸ್ ಮೊದಲಾದ ಬೇರೊಂದು ವ್ಯವಸ್ಥೆಯನ್ನು ಸ್ಥಾಪಿಸಿ ಅವುಗಳನ್ನು ಮತ್ತೆ ಬಳಕೆಗೆ ತರಬಹುದು. ಆದರೆ ಗಣಕದ ತಯಾರಕರು ಆ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ನಿರ್ಮಿಸಿರುವುದಿಲ್ಲ. ಆದುದರಿಂದ ಪರದೆ, ಕೀಲಿಮಣೆಗಳೆಲ್ಲ ಸರಿಯಾಗಿದ್ದರೂ ವೈ-ಫೈ ಮಾತ್ರ ಮೌನವಾಗಿರುವುದುಂಟು. ಆಗ ಗಣಕವೇ ನಿರುಪಯುಕ್ತವಾಯಿತೆಂದು ಬಗೆಯುವುದು ಸರಿಯೆ?

ಗಣಕದ ಒಳಗೆ ಬೆರಳೆರಡರಷ್ಟು ಅಗಲದ ಒಂದು ಚಿಕ್ಕ ಫಲಕವಿರುತ್ತದೆ. ಇದೇ ನಿಸ್ತಂತು ಕಾರ್ಡು. ಇದು ರೇಡಿಯೋ ಅಲೆಗಳನ್ನು ಕಳುಹಿಸುತ್ತದೆ, ಸ್ವೀಕರಿಸುತ್ತದೆ. ಆದರೆ ಕಾರ್ಡಿನ ಭಾಷೆ ಕಾರ್ಯಾಚರಣ ವ್ಯವಸ್ಥೆಗೆ ತಾನಾಗಿ ತಿಳಿಯದು. ಇಬ್ಬರ ನಡುವೆ ದುಭಾಷಿಯೊಬ್ಬ ಬೇಕು. ಡ್ರೈವರ್ ಎಂಬ ತಂತ್ರಾಂಶವೇ ಆ ದುಭಾಷಿ. ವಿಂಡೋಸಿಗಾಗಿ ಬರೆದ ಡ್ರೈವರ್ ಲಿನಕ್ಸಿಗೆ ನೇರವಾಗಿ ಒದಗುವುದಿಲ್ಲ. ದುಭಾಷಿಯಿಲ್ಲದಿದ್ದರೆ ಎಷ್ಟೇ ಉತ್ತಮವಾದ ಕಾರ್ಡೂ ಮೂಕನಂತೆ ಕುಳಿತಿರುತ್ತದೆ.

ಕಾರ್ಡಿನ ಒಳಗುಟ್ಟನ್ನು ತಿಳಿಸುವವರಿದ್ದರೆ ಡ್ರೈವರ್ ಬರೆಯುವುದು ಸುಲಭ. ತಿಳಿಸದಿದ್ದರೆ ಕೆಲಸ ಕಠಿಣವಾಗುತ್ತದೆ. ಬ್ರಾಡ್‌ಕಾಮ್ ಸಂಸ್ಥೆಯ ಚಿಪ್ಪುಗಳ ವಿವರಗಳು ಹೊರಗಿನವರಿಗೆ ದೊರೆಯುತ್ತಿರಲಿಲ್ಲ. ಆಗ ಸ್ವಯಂಸೇವಕರ ಒಂದು ತಂಡವು ಇದ್ದ ಡ್ರೈವರನ್ನು ಪರಿಶೀಲಿಸಿ ಚಿಪ್ಪಿನ ನಡವಳಿಕೆಯನ್ನು ಬರೆದಿಟ್ಟಿತು. ಮತ್ತೊಂದು ತಂಡವು ಆ ಬರಹವನ್ನಷ್ಟೇ ಆಧರಿಸಿ ಹೊಸ ಡ್ರೈವರನ್ನು ರಚಿಸಿತು. 2006ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. 2008ರಲ್ಲಿ ಅಥೆರೋಸ್ ಸಂಸ್ಥೆಯೂ 2010ರಲ್ಲಿ ಬ್ರಾಡ್‌ಕಾಮ್ ಸಂಸ್ಥೆಯೂ ತಮ್ಮ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರುಗಳನ್ನು ತಾವೇ ನೀಡಿದವು. ಹೀಗೆ ವಿವರಗಳು ಬಯಲಾದ ಕಾರ್ಡುಗಳು ತಯಾರಕರು ಮರೆತ ಮೇಲೂ ಬಾಳುತ್ತವೆ.

ಹಾಗಾದರೆ ತಕ್ಕ ಕಾರ್ಡನ್ನು ಆರಿಸುವುದು ಹೇಗೆ? ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬಾರದು. ಒಂದೇ ಹೆಸರಿನ ಕಾರ್ಡಿನೊಳಗೆ ಬೇರೆ ಬೇರೆ ತಂಡಗಳಲ್ಲಿ ಬೇರೆ ಬೇರೆ ಚಿಪ್ಪುಗಳಿರಬಹುದು. ನೋಡಬೇಕಾದುದು ಚಿಪ್ಪಿನ ಗುರುತನ್ನು. ಪ್ರತಿಯೊಂದು ಕಾರ್ಡೂ ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಗಣಕಕ್ಕೆ ತಿಳಿಸುತ್ತದೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086; 1978ರಲ್ಲಿ ಆ ಸಂಸ್ಥೆಯು ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಇದೇ. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಆದೇಶವನ್ನಿತ್ತರೆ ಈ ಗುರುತುಗಳನ್ನು ಕಾಣಬಹುದು. ಕೊಳ್ಳಲಿರುವ ಕಾರ್ಡಿನ ಚಿಪ್ಪಿಗೆ ಡ್ರೈವರ್ ಉಂಟೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಚಿಪ್ಪು ಹೊಂದಿದರೆ ಸಾಲದು, ಕಾರ್ಡು ಕೂರುವ ಜಾಗವೂ ಹೊಂದಬೇಕು. ಹಳೆಯ ಗಣಕಗಳಲ್ಲಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಜೋಡಣೆಯಿದ್ದರೆ, ಈಚಿನವುಗಳಲ್ಲಿ ಎಂ.2 ಎಂಬುದಿದೆ. ಎಂ.2 ಜೋಡಣೆಯಲ್ಲಿಯೂ ಎಚ್ಚರಿಕೆ ಅಗತ್ಯ. ಇಂಟೆಲಿನ ಎಎಕ್ಸ್ 200 ಮತ್ತು ಎಎಕ್ಸ್ 201 ಕಾರ್ಡುಗಳು ನೋಟಕ್ಕೆ ಅವಳಿಗಳಂತಿವೆ. ಮೊದಲನೆಯದು ಸ್ವತಂತ್ರವಾಗಿ ಕೆಲಸ ಮಾಡುತ್ತದೆ. ಎರಡನೆಯದರ ಕೆಲಸದ ಒಂದು ಭಾಗ ಇಂಟೆಲಿನ ಕೆಲವು ಚಿಪ್‌ಸೆಟ್ಟುಗಳೊಳಗೇ ಅಡಗಿರುವುದರಿಂದ ಅವಿಲ್ಲದ ಗಣಕದಲ್ಲಿ ಅದು ನಡೆಯದು. ಒಂದೇ ಅಂಕಿಯ ವ್ಯತ್ಯಾಸದಿಂದ ಹಣ ವ್ಯರ್ಥವಾಗಬಹುದು! ಇದಲ್ಲದೆ ಕೆಲವು ಹಳೆಯ ಲ್ಯಾಪ್‌ಟಾಪುಗಳು ತಯಾರಕರು ಪಟ್ಟಿಮಾಡಿದ ಕಾರ್ಡುಗಳ ಹೊರತು ಬೇರೆಯವನ್ನು ಕಂಡರೆ ಆರಂಭವಾಗುವುದೇ ಇಲ್ಲ. ಅಂತಹ ಗಣಕಗಳಿಗೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಕಾರ್ಡು ಉತ್ತಮ ಉಪಾಯ; ಅದರ ಚಿಪ್ಪಿಗೂ ಡ್ರೈವರ್ ಇರಬೇಕೆಂಬುದನ್ನು ಮರೆಯಲಾಗದು.

ಬಿಸುಟ ಗಣಕದಲ್ಲಿ ಸೀಸದಂತಹ ವಿಷವಸ್ತುಗಳಿರಬಹುದು. ತಾಮ್ರ, ಚಿನ್ನಗಳಂತಹ ಅಮೂಲ್ಯ ಲೋಹಗಳೂ ಇರುತ್ತವೆ. ಒಂದು ಚಿಕ್ಕ ಕಾರ್ಡಿನ ಕೊರತೆಯಿಂದ ಇಡೀ ಗಣಕವು ಕಸವಾಗುವುದು ಸಮಾಜಕ್ಕೂ ಪ್ರಕೃತಿಗೂ ನಷ್ಟ. ಸರಿಯಾದ ಗುರುತನ್ನರಿತು ಕೊಂಡ ಕಾರ್ಡು ಆ ಗಣಕವನ್ನು ಮತ್ತೊಬ್ಬ ವಿದ್ಯಾರ್ಥಿಯ ಮೇಜಿನ ಮೇಲೆ ನಿಲ್ಲಿಸಬಲ್ಲದು. ವಸ್ತುವಿನ ಆಯುಷ್ಯವನ್ನು ನಿರ್ಧರಿಸುವುದು ಅದರ ವಯಸ್ಸಲ್ಲ, ಅದನ್ನು ಕುರಿತ ತಿಳಿವಳಿಕೆ.