ಮೆಣಸುಬಳ್ಳಿಯ ಬಯಲು ಪ್ರವೇಶ

ಕೊಡಗಿನಲ್ಲಿ ಹೂಮಳೆ ಬಿದ್ದು, ಕಾಫಿಯ ತೋಟಗಳೆಲ್ಲ ಬೆಳ್ಳಗೆ ಅರಳಿ, ಆ ಸಂಭ್ರಮ ಮುಗಿಯುವ ವೇಳೆಗೆ, ಫೆಬ್ರವರಿ–ಮಾರ್ಚಿಯಲ್ಲಿ ತಾಯಿಬಳ್ಳಿಯ ಬುಡದಿಂದ ಕತ್ತರಿಸಿ ತಂದ ಹಬ್ಬುಬಳ್ಳಿಯ ತುಂಡುಗಳು ಚಪ್ಪರದ ನೆರಳಿನಲ್ಲಿ ಬೇರೊಡೆಯುತ್ತಿರುತ್ತವೆ. ಬೀಜದಿಂದ ಬೆಳೆಸಿದ ಕರಿಮೆಣಸಿನಲ್ಲಿ ತಾಯಿಯ ಗುಣ ಹಾಗೆಯೇ ಇಳಿದುಬರುವುದೆಂಬ ಭರವಸೆಯಿಲ್ಲ. 1971ರಲ್ಲಿ ಕೇರಳದ ಪನ್ನಿಯೂರಿನಿಂದ ಬಿಡುಗಡೆಯಾದ ಪನ್ನಿಯೂರು–1ರಂಥ ಸಂಕರ ತಳಿಗಳ ವಿಷಯದಲ್ಲಂತೂ ಎರಡು ಮೂರು ಗಿಣ್ಣುಗಳ ಈ ತುಂಡೇ ಕೃಷಿಕನಿಗೆ ಆಧಾರ. ಬೇರು ಬಂದಿತೆಂದರೆ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ವಾಸ್ತವವಾಗಿ ಸಸಿಯ ನಿಜವಾದ ಪರೀಕ್ಷೆ ಆಗಲೇ ಆರಂಭವಾಗುತ್ತದೆ.

ಇದರ ಕಾರಣವನ್ನು ಸಸ್ಯದ ದೇಹಧರ್ಮದಲ್ಲಿ ಅರಸಬೇಕು. ಆರ್ದ್ರವಾದ ನೆರಳಿನಲ್ಲಿ ಚಿಗುರಿದ ಎಲೆಯ ಮೇಲಣ ಮೇಣದ ಪೊರೆ ತೆಳುವಾಗಿರುತ್ತದೆ. ಒಣಗಾಳಿ ಸೋಕಿದೊಡನೆ ಮುಚ್ಚಿಕೊಳ್ಳುವ ಶಕ್ತಿಯನ್ನು ಅದರ ಪತ್ರರಂಧ್ರಗಳು ಇನ್ನೂ ಪಡೆದಿರುವುದಿಲ್ಲ. ಇತ್ತ ಬೇರುಗಳೋ, ಮುಟ್ಟಿದರೆ ಮುರಿಯುವಷ್ಟು ಎಳೆಯವು. ಇಂಥ ಸಸಿಯನ್ನು ಏಪ್ರಿಲ್ಲಿನ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ, ಎಲೆ ಕಳೆದುಕೊಂಡ ನೀರನ್ನು ಬೇರು ತುಂಬಿಕೊಡಲಾರದೆ, ಸಂಜೆಯೊಳಗೆ ಎಲೆಯಂಚು ಕಂದಿ ಚಿಗುರು ಬಾಡುತ್ತದೆ.

ಪಾತಿಯಲ್ಲಿ ಬೇರೊಡೆದ ತುಂಡನ್ನು ತೊಟ್ಟೆಗೆ ವರ್ಗಾಯಿಸುವಾಗ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಂಬುದು ರೂಢಿಯ ಮಿಶ್ರಣ. ಬೇರು ಹುಟ್ಟುವುದು ಗಿಣ್ಣಿನಲ್ಲಾದ್ದರಿಂದ ಒಂದು ಗಿಣ್ಣಾದರೂ ಮಣ್ಣಿನೊಳಗಿರತಕ್ಕದ್ದು. ಮಣ್ಣನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಬಾರದು. ತೊಟ್ಟೆಯನ್ನು ನೆಲಕ್ಕೆ ಮೆಲ್ಲನೆ ತಟ್ಟಿ, ಅನಂತರ ಎರೆದ ನೀರಿನಿಂದಲೇ ಮಣ್ಣು ಕೂರುವಂತೆ ಮಾಡಬೇಕು. ತೊಟ್ಟೆ ದೊಡ್ಡದಾದಷ್ಟೂ ಒಳಿತೆಂಬುದು ಭ್ರಮೆ: ಎಳೆಯ ಬೇರು ಹೀರಲಾರದ ತೇವ ಅಲ್ಲಿ ನಿಂತು, ಬೇರನ್ನೇ ಕೊಳೆಯಿಸುತ್ತದೆ.

ಹೊಸ ಎಲೆ ಪೂರ್ತಿ ಬಿಚ್ಚಿ, ಅದರ ಹಸಿರು ಬಲಿತ ಮೇಲೆ, ತೊಟ್ಟೆಗಳನ್ನು ಮೊದಲು ಬೆಳಗಿನ ಎಳೆಬಿಸಿಲಿಗೆ ಒಂದೆರಡು ತಾಸು ಇಟ್ಟು, ದಿನದಿನಕ್ಕೆ ಆ ಅವಧಿಯನ್ನು ಹಿಗ್ಗಿಸುತ್ತ, ನೀರನ್ನು ತುಸು ತುಸುವೇ ತಗ್ಗಿಸುತ್ತ, ಹತ್ತು ಹದಿನೈದು ದಿನಗಳಲ್ಲಿ ಮರಗಳ ಚದುರಿದ ನೆರಳಿಗೆ ಒಗ್ಗಿಸಬೇಕು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಹೆಸರಾದ ಅಂಜೂರದ ಕಡ್ಡಿಗೂ ಇದೇ ನಿಯಮ. ಅಂಜೂರ ಕೊನೆಗೆ ತುಂಬುಬಿಸಿಲನ್ನು ಬಯಸುತ್ತದೆ, ಮೆಣಸು ನೆರಳಿನ ಆಸರೆಯನ್ನು ಬಿಡಲೊಲ್ಲದು ಎಂಬುದಷ್ಟೇ ಭೇದ.

ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಬಳ್ಳಿ ಹಬ್ಬಲು ಆಸರೆಯಾಗುವ ಹಾಲುವಾಣದ ಅಥವಾ ಸಿಲ್ವರ್ ಓಕ್‌ ಮರದ ಉತ್ತರ ದಿಕ್ಕಿಗೆ, ಬುಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ತೋಡಿದ ಗುಂಡಿಯಲ್ಲಿ, ತೊಟ್ಟೆಯನ್ನು ಸೀಳಿ ತೆಗೆದು, ಮಣ್ಣಿನ ಹೆಂಟೆ ಒಡೆಯದಂತೆ ಸಸಿಯನ್ನು ನೆಡುತ್ತಾರೆ. ಬುಡದಲ್ಲಿ ನೀರು ನಿಂತರೆ ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಶೀಘ್ರ ಸೊರಗು ರೋಗ ಅಂಟುವ ಭಯವುಂಟು. ಆದುದರಿಂದ ಬಸಿಗಾಲುವೆ ಮೊದಲು, ಬಳ್ಳಿ ಆಮೇಲೆ. ಗೊಬ್ಬರದಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸುವುದೂ ಹಿತಕರ. ಮಡಿಕೇರಿಯ ಸಮೀಪದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿರುವುದು ಈ ಜಿಲ್ಲೆಯ ಬೆಳೆಗಾರರಿಗೊಂದು ಅನುಕೂಲ.

ನರ್ಸರಿಯಲ್ಲಿ ಸಸಿ ಕೊಳ್ಳುವವರು ಅದರ ಎತ್ತರಕ್ಕೆ ಮರುಳಾಗದೆ, ಚಪ್ಪರದಿಂದ ಹೊರಬಂದು ಅದು ಎಷ್ಟು ದಿನ ನಿಂತಿದೆಯೆಂದು ವಿಚಾರಿಸಲಿ. ಮೊಳದುದ್ದದ ನೀಳ ಸಸಿಗಿಂತ ಗಾಳಿ ಬಿಸಿಲುಗಳನ್ನು ಕಂಡ ಗಿಡ್ಡ ಸಸಿಯೇ ಮಳೆಗಾಲವನ್ನು ದಾಟುವುದು.