ಎಪ್ಪತ್ತೆರಡು ಗಂಟೆಯ ಸರ್ಟಿಫಿಕೇಟು

ಪರ್ಮಾಕಲ್ಚರ್ ವಿನ್ಯಾಸ ಶಿಬಿರ ಯಾವ ದೇಶದಲ್ಲೇ ನಡೆಯಲಿ, ಅದರ ಕೊನೆ ಮಾತ್ರ ಹೆಚ್ಚುಕಡಿಮೆ ಒಂದೇ ಥರ. ಶಿಬಿರಾರ್ಥಿಗಳು ಗುಂಪುಗುಂಪಾಗಿ ಕೂತು ಯಾವುದೋ ಒಂದು ಜಮೀನಿಗೆ ನಕ್ಷೆ ಬರೆಯುತ್ತಾರೆ. ಮಳೆನೀರು ಎಲ್ಲಿ ನಿಲ್ಲಬೇಕು, ಕೋಳಿಗೂಡು ಅಡುಗೆಮನೆಗೆ ಎಷ್ಟು ಹತ್ತಿರ ಇರಬೇಕು, ಗಾಳಿ ತಡೆಯುವ ಮರದ ಸಾಲು ಯಾವ ದಿಕ್ಕಿಗೆ ಎಂದು ಎಲ್ಲರೆದುರು ನಿಂತು ವಿವರಿಸುತ್ತಾರೆ. ರಾತ್ರಿ ಹಾಡು, ಕುಣಿತ, ನಗೆನಾಟಕ. ಬರಲಿ ಬಾರದಿರಲಿ, ಏನಾದರೊಂದು ಮಾಡಿ ತೋರಿಸದೆ ಬಿಡುವುದಿಲ್ಲ. ಆಮೇಲೆ ಕೈಗೊಂದು ಕಾಗದ. ಪರ್ಮಾಕಲ್ಚರ್ ಡಿಸೈನ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ ಪಿಡಿಸಿ. ಕನಿಷ್ಠ 72 ಗಂಟೆಯ ಪಾಠ ಮುಗಿಸಿದ್ದಕ್ಕೆ ಗುರುತು. ಅದರಲ್ಲಿ ವಿಶ್ವವಿದ್ಯಾಲಯದ ಮೊಹರು ಇರಬೇಕೆಂದೇನಿಲ್ಲ, ಸರ್ಕಾರದ ಲಾಂಛನವೂ ಬೇಕಿಲ್ಲ. ಕಲಿಸಿದವರ ಸಹಿಯೇ ಸಾಕು.

ಈ ಕಾಗದವನ್ನು ಹುಟ್ಟುಹಾಕಿದವರಿಗೆ ಯೂನಿವರ್ಸಿಟಿಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂಬುದು ತಮಾಷೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ ಬಿಲ್ ಮಾಲಿಸನ್ ಎಂಬ ಅಧ್ಯಾಪಕ, ಡೇವಿಡ್ ಹೋಮ್‌ಗ್ರೆನ್ ಎಂಬ ವಿದ್ಯಾರ್ಥಿ ಸೇರಿ 1978ರಲ್ಲಿ ಮೊದಲ ಪುಸ್ತಕ ತಂದರು. ಕಾಡು ತನ್ನಷ್ಟಕ್ಕೆ ಹೇಗೆ ನಡೆಯುತ್ತದೋ ಹಾಗೆ ತೋಟವನ್ನೂ ಮನೆಯನ್ನೂ ರೂಪಿಸಬಹುದು ಎಂಬುದು ಅದರ ತಿರುಳು. ಮುಂದೆ ಮಾಲಿಸನ್ ಮೇಷ್ಟರ ಕೆಲಸ ಬಿಟ್ಟು ದೇಶದೇಶ ಸುತ್ತಿ ಶಿಬಿರ ನಡೆಸಿದರು. 1988ರಲ್ಲಿ ಬಂದ ಅವರ ದಪ್ಪನೆಯ ಕೈಪಿಡಿಯ 14 ಅಧ್ಯಾಯಗಳೇ ಶಿಬಿರಗಳ ಪಠ್ಯವಾದವು. ಸರ್ಟಿಫಿಕೇಟು ಪಡೆದವರು ತಾವೂ ಕಲಿಸಬಹುದು ಎಂದರು. ಕಲಿತವರು ಕಲಿಸಿದರು, ಅವರಿಂದ ಕಲಿತವರೂ ಕಲಿಸಿದರು. 2016ರಲ್ಲಿ ಮಾಲಿಸನ್ ತೀರಿಕೊಳ್ಳುವ ಹೊತ್ತಿಗೆ ಈ ಕಾಗದ ಎಲ್ಲ ಖಂಡಗಳಿಗೂ ಹಬ್ಬಿತ್ತು. ಯಾರಿಗೆ ಯಾರು ಕೊಟ್ಟರು ಎಂಬುದಕ್ಕೆ ಒಂದೆಡೆ ಇಟ್ಟ ಲೆಕ್ಕಪುಸ್ತಕ ಮಾತ್ರ ಇರಲಿಲ್ಲ.

ನಮಗೆ ಹತ್ತಿರದ ಕೊಂಡಿ ಜಹೀರಾಬಾದಿನಲ್ಲಿದೆ. ಬೀದರಿಗೆ ಅಂಟಿಕೊಂಡಂತಿರುವ ತೆಲಂಗಾಣದ ಊರು; ಕನ್ನಡ ಕೇಳಿಬರುವ ಗಡಿಸೀಮೆ. ಮಾಲಿಸನ್ 1980ರ ದಶಕದಲ್ಲಿ ಭಾರತಕ್ಕೆ ಬಂದಾಗ ಬಿತ್ತಿದ ವಿಚಾರ ಬೇರು ಬಿಟ್ಟದ್ದು ಈ ಸೀಮೆಯಲ್ಲಿ. ನರ್ಸಣ್ಣ ಕೊಪ್ಪುಲ, ಪದ್ಮಾ ಕೊಪ್ಪುಲ ದಂಪತಿ 1999ರಲ್ಲಿ ಕಟ್ಟಿದ ‘ಅರಣ್ಯ ಅಗ್ರಿಕಲ್ಚರಲ್ ಆಲ್ಟರ್ನೇಟಿವ್ಸ್’ ಸಂಸ್ಥೆ ಬಿಡಕನ್ನೆ ಗ್ರಾಮದ ತನ್ನ ಪೊಲಂ ತೋಟದಲ್ಲಿ ಪಿಡಿಸಿ ಶಿಬಿರ ನಡೆಸುತ್ತ ಬಂದಿದೆ. 2017ರ ಕೊನೆಯಲ್ಲಿ ಅಂತರರಾಷ್ಟ್ರೀಯ ಪರ್ಮಾಕಲ್ಚರ್ ಸಮ್ಮೇಳನ ಹೈದರಾಬಾದಿನಲ್ಲಿ ನಡೆದಾಗ ಬೇರೆ ಬೇರೆ ದೇಶದವರು ಬಂದು ತಂಗಿದ್ದು ಈ ತೋಟದಲ್ಲೇ.

ಶಿಬಿರದಲ್ಲಿ ಕಲಿಸುವ ಒಂದು ಕೆಲಸ ಹೇಳುತ್ತೇನೆ. ಮೂರು ಕೋಲು ತಂದು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಬೇಕು. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ಎರಡೂ ಕಾಲು ಒಂದೇ ಮಟ್ಟದಲ್ಲಿ ನಿಂತಾಗ ದಾರ ಅಡ್ಡಕೋಲಿನ ಗುರುತಿನ ಮೇಲೆ ಬರುತ್ತದೆ. ಇಳಿಜಾರಿನಲ್ಲಿ ಒಂದು ಕಾಲು ಊರಿ, ಇನ್ನೊಂದನ್ನು ತಿರುಗಿಸುತ್ತ, ದಾರ ಗುರುತಿಗೆ ಬಂದಲ್ಲೆಲ್ಲ ಗೂಟ ಹೊಡೆಯುತ್ತ ಹೋದರೆ ಹೊಲದಲ್ಲಿ ಒಂದು ಡೊಂಕು ಗೆರೆ ಮೂಡುತ್ತದೆ. ಅದೇ ಸಮಪಾತಳಿ ಗೆರೆ. ಅದರಗುಂಟ ಕಾಲುವೆ ತೋಡಿ, ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿದರೆ ಮಳೆನೀರು ಓಡಿಹೋಗದೆ ನಿಂತು ಇಂಗುತ್ತದೆ. ಕಲಿಯಲು ಒಂದು ಬೆಳಗ್ಗೆ ಸಾಕು. ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದು ದೊಡ್ಡ ಮಳೆ ಬೇಕು. ಬದುವಿನ ಮೇಲೆ ನೆಟ್ಟ ಗಿಡ ಬದುಕಿತೇ ಎಂದು ತಿಳಿಯಲು ಮೂರ್ನಾಲ್ಕು ಬೇಸಿಗೆ ಕಾಯಬೇಕು.

ಪಿಡಿಸಿಯ ತೊಡಕು ಇಲ್ಲಿಯೇ. ಅದು ಬೆಳಗಿನ ಪಾಠಕ್ಕೆ ಸಾಕ್ಷಿ, ಬೇಸಿಗೆಗೆ ಸಾಕ್ಷಿಯಲ್ಲ. ಇದು ಆ ವಲಯದವರಿಗೂ ಗೊತ್ತಿತ್ತು. ಬ್ರಿಟನ್ನಿನ ಪರ್ಮಾಕಲ್ಚರ್ ಅಸೋಸಿಯೇಷನ್ ಕೊಡುವ ಡಿಪ್ಲೊಮಾಕ್ಕೆ ಹತ್ತು ವಿನ್ಯಾಸಗಳ ಕಡತ ಕಟ್ಟಬೇಕು. ಕೊನೆಗೆ ಜೊತೆಯವರ ಮುಂದೆ ಅದನ್ನು ಮಂಡಿಸಬೇಕು. ಆಸ್ಟ್ರೇಲಿಯಾದಲ್ಲಿ ಇದನ್ನೇ ಸರ್ಕಾರಿ ಮಾನ್ಯತೆಯ ವೃತ್ತಿಶಿಕ್ಷಣದ ಚೌಕಟ್ಟಿಗೆ ತಂದು ಮೆಟ್ಟಿಲುಮೆಟ್ಟಿಲಾಗಿ ಡಿಪ್ಲೊಮಾದವರೆಗೆ ಏರಿಸಿದರು. ಗಾಯಾ ಯೂನಿವರ್ಸಿಟಿ ಎಂಬ ಸಂಸ್ಥೆ ಕಟ್ಟಡ, ತರಗತಿಗಳ ಗೋಜಿಲ್ಲದೆ, ವಿದ್ಯಾರ್ಥಿ ತನ್ನೂರಲ್ಲೇ ಕೆಲಸ ಮಾಡಿ ಅದರ ದಾಖಲೆಯನ್ನು ಅಂತರ್ಜಾಲದ ಕಡತದಲ್ಲಿ ಪೇರಿಸುವ ಪದ್ಧತಿ ತಂದಿತು. ಡಿಜಿಟಲ್ ಬ್ಯಾಡ್ಜ್ ಎಂಬ ಹೊಸ ಸಲಕರಣೆ ಇಂಥವರ ಕೈಗೆ ಒದಗಿದೆ.

ಬ್ಯಾಡ್ಜ್ ಎಂದರೆ ಎನ್‌ಸಿಸಿ, ಸ್ಕೌಟ್ಸ್ ಕಾಲದ ಬಟ್ಟೆಯ ತುಂಡು ನೆನಪಾದರೆ ತಪ್ಪಿಲ್ಲ. ಮೊಜಿಲ್ಲಾ ಸಂಸ್ಥೆ 2011ರಲ್ಲಿ ‘ಓಪನ್ ಬ್ಯಾಡ್ಜಸ್’ ಆರಂಭಿಸಿದಾಗ ಹೆಸರಿಟ್ಟದ್ದೂ ಆ ಧಾಟಿಯಲ್ಲೇ. ಮೇಲ್ನೋಟಕ್ಕೆ ಅದೊಂದು ಪುಟ್ಟ ಚಿತ್ರ. ಚಿತ್ರದ ಫೈಲಿನೊಳಗೆ ಮಾಹಿತಿ ಹುದುಗಿರುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವತ್ತು ಕೊಟ್ಟದ್ದು, ಏನು ಮಾಡಿದ್ದಕ್ಕೆ ಕೊಟ್ಟದ್ದು. ಮೊದಮೊದಲು ಇದನ್ನು ತಾಳೆನೋಡಲು ಕೊಟ್ಟ ಸಂಸ್ಥೆಯ ಜಾಲತಾಣಕ್ಕೇ ಹೋಗಬೇಕಿತ್ತು. ಸಂಸ್ಥೆ ಮುಚ್ಚಿದರೆ ಬ್ಯಾಡ್ಜೂ ಹೋಯಿತು. ಎರಡು ಕೋಣೆ, ಒಂದು ತೋಟ, ಮೂವರು ಕಾರ್ಯಕರ್ತರ ಮೇಲೆ ನಿಂತ ಸಂಸ್ಥೆಗಳೇ ಹೆಚ್ಚಿರುವ ಈ ಲೋಕದಲ್ಲಿ ಅದು ಸಣ್ಣ ಅಪಾಯವೇನಲ್ಲ. ಈಗಿನ ಮೂರನೇ ಆವೃತ್ತಿಯಲ್ಲಿ ಸಂಸ್ಥೆಯ ಡಿಜಿಟಲ್ ಸಹಿ ಬ್ಯಾಡ್ಜಿನೊಳಗೇ ಇರಲು ಅವಕಾಶವಿದೆ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಡಿಜಿಲಾಕರಿನಲ್ಲಿ ಮಗಳ ಅಂಕಪಟ್ಟಿ ತೆಗೆದು ನೋಡಿದವರಿಗೆ ಇದರ ಅನುಕೂಲ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೆ, ಇಲ್ಲಿ ಕೊಡುವವರು ಪರೀಕ್ಷಾ ಮಂಡಳಿಯೇ ಆಗಬೇಕೆಂದಿಲ್ಲ.

ಕೆಲವರು ಇದಕ್ಕೂ ಬ್ಲಾಕ್‌ಚೈನ್ ಬೇಕು ಎನ್ನುತ್ತಾರೆ. ಅಮೆರಿಕದ ಎಂಐಟಿ 2017ರಲ್ಲಿ 111 ಪದವೀಧರರಿಗೆ ಹಾಗೆ ಪ್ರಮಾಣಪತ್ರ ಕೊಟ್ಟು ನೋಡಿದ್ದುಂಟು. ಹೊಂಡ, ಬದು, ಗೊಬ್ಬರದ ವಿದ್ಯೆಗೆ ಅಷ್ಟೆಲ್ಲ ಆಡಂಬರ ಬೇಡವೆಂದೇ ನನಗೆ ತೋರುತ್ತದೆ. ಈ ಲೋಕದಲ್ಲಿ ಖೋಟಾ ಸರ್ಟಿಫಿಕೇಟಿಗಿಂತ ದೊಡ್ಡ ತಲೆನೋವು ಪೊಳ್ಳು ಸರ್ಟಿಫಿಕೇಟಿನದು. ಅಸಲಿ ಸಹಿಯೇ ಇರುತ್ತದೆ, ಹಿಂದೆ ಕೆಲಸ ಇರುವುದಿಲ್ಲ.

ಹಾಗಾಗಿ ಬ್ಯಾಡ್ಜಿನಲ್ಲಿ ನನಗೆ ಮುಖ್ಯವಾಗಿ ಕಾಣುವ ಖಾನೆ ಎರಡೇ. ಒಂದು, ಪುರಾವೆ. ತೋಟದ ನಕ್ಷೆ, ಕಾಲುವೆ ತೋಡಿದ ವರ್ಷದ ಫೋಟೊ, ನಾಲ್ಕು ವರ್ಷದ ನಂತರ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೊ, ಬಾವಿಯ ನೀರಿನ ಮಟ್ಟ ಬರೆದಿಟ್ಟ ಪುಸ್ತಕದ ಹಾಳೆ, ಎಲ್ಲವನ್ನೂ ಇದಕ್ಕೆ ಜೋಡಿಸಬಹುದು. ಇನ್ನೊಂದು, ಅನುಮೋದನೆ. ಬ್ಯಾಡ್ಜ್ ಕೊಟ್ಟವರಲ್ಲದೆ ಮೂರನೆಯವರೂ ‘ಹೌದು, ನಾವೂ ಬಲ್ಲೆವು’ ಎಂದು ದನಿಗೂಡಿಸಲು ಎರಡನೇ ಆವೃತ್ತಿಯಲ್ಲೇ ದಾರಿ ಮಾಡಿದ್ದಾರೆ. ಆದರೆ ಪುರಾವೆಯ ಖಾನೆ ಕಡ್ಡಾಯವಲ್ಲ. ಖಾಲಿ ಬಿಟ್ಟರೂ ಬ್ಯಾಡ್ಜ್ ಸಿಂಧುವೇ.

ಮೂರನೆಯವರ ಸಾಕ್ಷಿ ನಮ್ಮ ರೈತರಿಗೆ ಹೊಸತೇನಲ್ಲ. ಸಾವಯವ ದೃಢೀಕರಣದಲ್ಲಿ ಪಿಜಿಎಸ್ ಎಂಬ ಪದ್ಧತಿ ದೇಶದಲ್ಲಿ ಜಾರಿಯಲ್ಲಿದೆ. ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು ಪ್ರತಿಜ್ಞೆ ಮಾಡಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ ಬರುತ್ತಾರೆ. ಪಕ್ಕದ ಹೊಲದವನಿಗೆ ಯೂರಿಯಾ ಚೀಲ ಯಾವ ರಾತ್ರಿ ಬಂತೆಂಬುದೂ ಗೊತ್ತಿರುತ್ತದೆ. ಪೇಟೆಯಿಂದ ಬರುವ ತಪಾಸಣಾಧಿಕಾರಿಗೆ ಅದು ಎಲ್ಲಿ ತಿಳಿಯಬೇಕು? ನೆಲ ಚೇತರಿಸಿದ್ದಕ್ಕೆ ಬ್ಯಾಡ್ಜ್ ಕೊಡುವವರು ಈ ಐವರನ್ನೇ ಅನುಮೋದಕರನ್ನಾಗಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಸರ್ಕಾರದ ಲೆಕ್ಕಕ್ಕೆ ಬನ್ನಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40. ಆ ಅಳತೆಯಲ್ಲಿ ಪಿಡಿಸಿ ಎರಡೂವರೆ ಕ್ರೆಡಿಟ್ಟೂ ಆಗದು. ಅನುಭವಕ್ಕೆ ತೂಕ ಕೊಡುವ ಮಾತೂ ಆ ಚೌಕಟ್ಟಿನಲ್ಲಿದೆ ಎಂಬುದೊಂದು ಸಮಾಧಾನ. ಹಾಗೆ ತೂಗಲು ಹೊರಟರೆ ಮೊದಲ ಸರದಿ ಯಾರದಾಗಬೇಕು? ಜಹೀರಾಬಾದಿನ ಪಕ್ಕದಲ್ಲೇ ಪಸ್ತಾಪುರವಿದೆ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು, ಹೆಚ್ಚಿನವರು ದಲಿತರು, ಒಂದೇ ಹೊಲದಲ್ಲಿ ಹತ್ತಾರು ಬಗೆಯ ಕಾಳು, ಸಿರಿಧಾನ್ಯ ಬೆಳೆದು ಬೀಜ ಉಳಿಸಿಕೊಂಡವರು; 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ನಮ್ಮಲ್ಲಿ ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರ ತೋಟದಲ್ಲಿ ಕಲಿತು ಹೋದವರಿಗೆ ಲೆಕ್ಕವಿಲ್ಲ. 2019ರಲ್ಲಿ ಅವರು ತೀರಿಕೊಂಡ ಮೇಲೂ ‘ರೆಡ್ಡಿಯವರ ಹತ್ತಿರ ಕಲಿತೆ’ ಎಂಬ ಮಾತೇ ಸರ್ಟಿಫಿಕೇಟಿನಂತೆ ನಡೆಯುತ್ತದೆ. ಆ ಮಾತನ್ನು ಬ್ಯಾಂಕಿನ ಮ್ಯಾನೇಜರ್ ಒಪ್ಪುವುದಿಲ್ಲ, ಯೋಜನೆಗೆ ತರಬೇತುದಾರರನ್ನು ಹುಡುಕುವ ಇಲಾಖೆ ಒಪ್ಪುವುದಿಲ್ಲ. ಬ್ಯಾಡ್ಜಿನಿಂದ ನಿಜವಾದ ಉಪಕಾರ ಆಗಬಹುದಾದದ್ದು ಇಂಥವರಿಗೇ. ಅದು ಅವರ ಭಾಷೆಯಲ್ಲಿ, ಅವರ ಫೋನಿನಲ್ಲಿ, ಸಾವಿರಗಟ್ಟಲೆ ಶುಲ್ಕವಿಲ್ಲದೆ ಸಿಗಬೇಕು. ಹಾಗೆ ಸಿಗದಿದ್ದರೆ, ಈಗಾಗಲೇ ಪದವಿ ಇರುವ ನಗರದವರ ಪ್ರೊಫೈಲಿಗೆ ಇನ್ನೊಂದು ಅಲಂಕಾರವಾದೀತು.

ನಿಮ್ಮ ಜಮೀನಿಗೆ ವಿನ್ಯಾಸ ಮಾಡಿಕೊಡುತ್ತೇನೆಂದು ಯಾರಾದರೂ ಫೋನಿನಲ್ಲಿ ಬ್ಯಾಡ್ಜ್ ತೋರಿಸಿದರೆ, ಅದನ್ನು ತೆರೆದು ಪುರಾವೆಯ ಕೊಂಡಿ ಒತ್ತಿ. ಅಲ್ಲಿ ಶಿಬಿರದ ಗುಂಪುಚಿತ್ರವಷ್ಟೇ ಇದ್ದರೆ, ಅವರು ಮೊದಲು ಕಾಲುವೆ ತೋಡಿಸಿದ ಜಮೀನಿನ ವಿಳಾಸ ಕೇಳಿ. ಹೋಗುವುದಾದರೆ ಏಪ್ರಿಲ್‌ನಲ್ಲಿ ಹೋಗಿ. ಆಗಸ್ಟ್‌ನಲ್ಲಿ ಎಲ್ಲರ ತೋಟವೂ ಹಸಿರೇ.