ಗೇರ್ ನಿಯಂತ್ರಕ ಮೌನವಾದಾಗ: ಮಳೆಯ ಸೀಮೆಯಲ್ಲಿ ಟಿಸಿಎಂ ದೋಷಪತ್ತೆ

ಕ್ಲಚ್ ಪೆಡಲ್ ಇಲ್ಲದ ಕಾರುಗಳಲ್ಲಿ ಯಾವ ವೇಗಕ್ಕೆ ಯಾವ ಗೇರ್ ಬೀಳಬೇಕು, ಕ್ಲಚ್ ಎಷ್ಟು ಹೊತ್ತು ಬಿಟ್ಟುಕೊಂಡಿರಬೇಕು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುವ ಮೊದಲೇ ಅದು ಮತ್ತೆ ಯಾವಾಗ ಕಚ್ಚಿಕೊಳ್ಳಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅಂಗೈಯಗಲದ ಒಂದು ಇಲೆಕ್ಟ್ರಾನಿಕ್ ಪೆಟ್ಟಿಗೆ. ಅದರ ಪೂರ್ಣ ಹೆಸರು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್. ಗ್ಯಾರೇಜಿನ ಮಾತಿನಲ್ಲಿ ಟಿಸಿಎಂ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಊರುಗಳಲ್ಲಿ ಈ ಪೆಟ್ಟಿಗೆ ಕೆಟ್ಟಿತೆಂದು ತೀರ್ಮಾನಿಸುವುದು ಸುಲಭವಾಗಿಯೂ ದುಬಾರಿಯಾಗಿಯೂ ಇರುವುದರಿಂದ, ಆ ತೀರ್ಮಾನಕ್ಕೆ ಬರುವ ಕ್ರಮವನ್ನು ವಿವರವಾಗಿ ನೋಡುವುದು ಅಗತ್ಯ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಪೆಟ್ಟಿಗೆಯನ್ನು ದೂರುವುದಕ್ಕೆ ಮೊದಲು ಅದರವರೆಗೆ ಬರುವ ತಂತಿ, ಅರ್ಥ್ ಮತ್ತು ಕಪ್ಲರ್‌ಗಳು ನಿರ್ದೋಷಿಗಳೆಂದು ಸಾಬೀತಾಗಬೇಕು.

ತಾನಾಗಿ ಗೇರ್ ಬದಲಿಸುವ ಯಂತ್ರ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಹೊರತಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇಲೆಕ್ಟ್ರಾನಿಕ್ಸ್‌ನ ಸುಳಿವೇ ಇರಲಿಲ್ಲ. ಎಣ್ಣೆಯ ಒತ್ತಡ ಮತ್ತು ಕವಾಟಗಳೇ ಎಲ್ಲವನ್ನೂ ನಡೆಸುತ್ತಿದ್ದವು. ಆ ನಿರ್ಧಾರವನ್ನು ಎಣ್ಣೆಯಿಂದ ಕಿತ್ತು ಮೈಕ್ರೊಪ್ರೊಸೆಸರ್‌ಗೆ ಒಪ್ಪಿಸಿದ್ದು ಅನಂತರದ ದಶಕಗಳ ಬೆಳವಣಿಗೆ. ಭಾರತದಲ್ಲಿ ಇದು ಮಧ್ಯಮವರ್ಗದ ಕೈಗೆಟುಕಿದ್ದು 2014ರಲ್ಲಿ, ಮಾರುತಿ ಸುಜುಕಿ ಸೆಲೆರಿಯೊ ಕಾರು ಎಎಂಟಿ ವ್ಯವಸ್ಥೆಯೊಂದಿಗೆ ಬಂದಾಗ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸ್ ಮತ್ತು ಮಾಮೂಲಿ ಕ್ಲಚ್ ಪ್ಲೇಟನ್ನೇ ಇಟ್ಟುಕೊಂಡು, ಚಾಲಕನ ಎಡಗಾಲು ಮತ್ತು ಎಡಗೈಯ ಕೆಲಸವನ್ನು ಯಂತ್ರಕ್ಕೆ ವಹಿಸುವ ವ್ಯವಸ್ಥೆ. ಹಲವು ಎಎಂಟಿಗಳಲ್ಲಿ ಒಂದು ಸಣ್ಣ ವಿದ್ಯುತ್ ಪಂಪು ಎಣ್ಣೆಯ ಒತ್ತಡವನ್ನು ಕೂಡಿಟ್ಟಿರುತ್ತದೆ. ಸೊಲೆನಾಯ್ಡ್‌ಗಳು, ಅಂದರೆ ವಿದ್ಯುತ್ ಹರಿದಾಗ ಅಯಸ್ಕಾಂತವಾಗಿ ಕವಾಟವನ್ನು ತೆರೆಯುವ ಸುರುಳಿಗಳು, ಆ ಎಣ್ಣೆಯನ್ನು ಬೇಕಾದ ಕಡೆಗೆ ಬಿಡುತ್ತವೆ. ಕ್ಲಚ್ ಎಲ್ಲಿದೆ, ಗೇರ್ ಎಲ್ಲಿ ಬಿದ್ದಿದೆ ಎಂಬುದನ್ನು ಸೆನ್ಸರ್‌ಗಳು ವರದಿ ಮಾಡುತ್ತವೆ. ಈ ವರದಿಗಳನ್ನು ಓದಿ ಸೊಲೆನಾಯ್ಡ್‌ಗಳಿಗೆ ಆಜ್ಞೆ ಕೊಡುವುದು ಟಿಸಿಎಂ. ಮಾದರಿಗೆ ತಕ್ಕಂತೆ ಇದು ಎಂಜಿನ್ ಪಕ್ಕದಲ್ಲೋ, ಡ್ಯಾಶ್‌ಬೋರ್ಡಿನ ಅಡಿಯಲ್ಲೋ, ಕೆಲವು ದುಬಾರಿ ಕಾರುಗಳಲ್ಲಿ ಗೇರ್‌ಬಾಕ್ಸಿನ ಒಳಗೆ ಎಣ್ಣೆಯಲ್ಲಿ ಮುಳುಗಿಯೋ ಇರುತ್ತದೆ.

ಟಿಸಿಎಂ ತೊಂದರೆಗೆ ಸಿಲುಕಿದಾಗ ಕಾಣುವ ಲಕ್ಷಣಗಳು ಗೇರ್‌ಬಾಕ್ಸಿನ ಬಗೆಯನ್ನು ಅವಲಂಬಿಸುತ್ತವೆ. ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವ ಗಾಡಿ ಒಂದೇ ಗೇರಿನಲ್ಲಿ, ಸಾಮಾನ್ಯವಾಗಿ ಮಧ್ಯದ ಗೇರಿನಲ್ಲಿ, ಸಿಕ್ಕಿಕೊಂಡು ಹೇಗೋ ಮನೆ ಮುಟ್ಟುವಷ್ಟು ಓಡುತ್ತದೆ. ಎಎಂಟಿ ಗಾಡಿಯಲ್ಲಿ ಗೇರ್ ತೋರಿಸುವ ಅಂಕಿ ಮಾಯವಾಗಿ ಎಚ್ಚರಿಕೆಯ ದೀಪ ಹತ್ತುತ್ತದೆ, ಕೆಲವೊಮ್ಮೆ ಸ್ಟಾರ್ಟರ್ ಕೂಡ ತಿರುಗುವುದಿಲ್ಲ, ಏಕೆಂದರೆ ಗಾಡಿ ನ್ಯೂಟ್ರಲ್‌ನಲ್ಲಿದೆ ಎಂದು ಟಿಸಿಎಂ ಭರವಸೆ ಕೊಡದೆ ಎಂಜಿನ್ ಚಾಲೂ ಮಾಡಲು ಅನುಮತಿ ಸಿಗುವುದಿಲ್ಲ. ಇವೇ ಲಕ್ಷಣಗಳು ಸೋತ ಬ್ಯಾಟರಿಯಿಂದಲೂ ಹುಟ್ಟುತ್ತವೆ. ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿ ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9 ವೋಲ್ಟಿಗಿಂತ ಕೆಳಗೆ ಕುಸಿದರೆ ಪ್ರೊಸೆಸರ್ ಅರ್ಧ ಕೆಲಸದಲ್ಲಿ ನಿಂತು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಬಹುದು, ಆ ಗೊಂದಲದ ದಾಖಲೆ ದೋಷಸಂಕೇತವಾಗಿ ಉಳಿಯುತ್ತದೆ. ಬ್ಯಾಟರಿಯ ಪರೀಕ್ಷೆ ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅನಂತರದ್ದು ಸ್ಕ್ಯಾನರ್. ದೋಷಸಂಕೇತಗಳನ್ನು ಓದಲು ಅದನ್ನು ಜೋಡಿಸುವ, ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನಿನ ಒಬಿಡಿ ಕಪ್ಲರ್ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾಯಿತು. ಒಬಿಡಿ-2 ವ್ಯವಸ್ಥೆ ಭಾರತದ ಕಾರುಗಳಿಗೆ ಅನ್ವಯವಾದದ್ದು 2013ರ ಏಪ್ರಿಲ್‌ನಲ್ಲಿ. ಮೊಬೈಲಿಗೆ ಜೋಡಿಸುವ ಅಗ್ಗದ ಉಪಕರಣಗಳು ಸಾಮಾನ್ಯವಾಗಿ ಎಂಜಿನ್ ನಿಯಂತ್ರಕದ ಜೊತೆ ಮಾತ್ರ ಮಾತಾಡುತ್ತವೆ, ಅಲ್ಲಿ ಪಿ0700 ಎಂಬ ಸಂಕೇತ ಕಂಡೊಡನೆ ‘ಗೇರ್‌ಬಾಕ್ಸ್ ಹೋಯಿತು’ ಎಂಬ ಮಾತು ಹೊರಡುತ್ತದೆ. ಆ ಸಂಕೇತದ ಅರ್ಥ ಅಷ್ಟು ದೊಡ್ಡದಲ್ಲ: ಟಿಸಿಎಂ ತನ್ನಲ್ಲಿ ಒಂದು ದೋಷವನ್ನು ದಾಖಲಿಸಿಕೊಂಡಿದೆ, ವಿವರಕ್ಕೆ ಅದನ್ನೇ ಕೇಳಬೇಕು ಎಂದಷ್ಟೇ. ಎಲ್ಲ ಮಾಡ್ಯೂಲ್‌ಗಳನ್ನೂ ಓದಬಲ್ಲ ಸ್ಕ್ಯಾನರಿಗೆ ಟಿಸಿಎಂ ಉತ್ತರ ಕೊಟ್ಟು, ಸೆನ್ಸರ್ ಅಥವಾ ಸೊಲೆನಾಯ್ಡ್ ಸರಿಯಿಲ್ಲವೆಂದು ದೂರಿದರೆ, ದೂರು ಕೊಡುವಷ್ಟು ಜೀವ ಅದರಲ್ಲಿದೆ ಎಂದಾಯಿತು. ಇದಕ್ಕೆ ಬದಲಾಗಿ ಯು0101 ಎಂಬ ಸಂಕೇತ ಬೇರೆ ಮಾಡ್ಯೂಲ್‌ಗಳಲ್ಲಿ ಸಿಕ್ಕರೆ, ಅವೆಲ್ಲವೂ ಟಿಸಿಎಂನ ಮಾತು ಕೇಳಿಸುತ್ತಿಲ್ಲವೆಂದು ಸಾಕ್ಷಿ ಹೇಳುತ್ತಿವೆ. ಈ ಮೌನಕ್ಕೆ ಕಾರಣ ನಾಲ್ಕು ಇರಬಹುದು: ವಿದ್ಯುತ್ ಬರುತ್ತಿಲ್ಲ, ಅರ್ಥ್ ಕೂಡುತ್ತಿಲ್ಲ, ಸಂಪರ್ಕದ ತಂತಿ ಹರಿದಿದೆ, ಇಲ್ಲವೆ ಪೆಟ್ಟಿಗೆಯೇ ಕೆಟ್ಟಿದೆ. ಮೊದಲ ಮೂರನ್ನು ಅಳತೆಯಿಂದ ತಳ್ಳಿಹಾಕದೆ ನಾಲ್ಕನೆಯದನ್ನು ಹೇಳುವುದು ದೋಷಪತ್ತೆಯಲ್ಲ, ಊಹೆ.

ವಿದ್ಯುತ್ತಿನ ಅಳತೆಯಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸವಾಗುತ್ತದೆ. ಅಡಕೆ ತೋಟದ ಸ್ಪ್ರಿಂಕ್ಲರ್ ಪೈಪಿನೊಳಗೆ ಕಸ ಕಟ್ಟಿಕೊಂಡಿದ್ದರೂ ಗೇಟ್‌ವಾಲ್ವ್ ಮುಚ್ಚಿರುವಾಗ ಒತ್ತಡ ಪೂರ್ತಿ ಇರುವಂತೆ ಕಾಣುತ್ತದೆ, ವಾಲ್ವ್ ತೆರೆದು ನೀರು ಹರಿಯತೊಡಗಿದಾಗಲೇ ಅಡಚಣೆ ಬಯಲಾಗುತ್ತದೆ. ತಂತಿಯ ಸಂಗತಿಯೂ ಹೀಗೆಯೇ. ಡಿಜಿಟಲ್ ಮೀಟರ್ ಎಳೆಯುವ ವಿದ್ಯುತ್ ಎಷ್ಟು ಅಲ್ಪವೆಂದರೆ, ಇಲಿ ಕಡಿದು ಒಂದೇ ಎಳೆ ಉಳಿದಿರುವ ತಂತಿಯಲ್ಲೂ ಅದು 12 ವೋಲ್ಟ್ ತೋರಿಸುತ್ತದೆ. ಆದ್ದರಿಂದ ನುರಿತ ಇಲೆಕ್ಟ್ರಿಷಿಯನ್‌ಗಳು ಟಿಸಿಎಂ ಕಪ್ಲರನ್ನು ಬಿಚ್ಚಿ, ವಿದ್ಯುತ್ ಪೂರೈಸುವ ಪಿನ್ನು ಮತ್ತು ಅರ್ಥ್ ಪಿನ್ನುಗಳ ನಡುವೆ 21 ವ್ಯಾಟಿನ ಬ್ರೇಕ್ ಬಲ್ಬನ್ನು ಜೋಡಿಸುತ್ತಾರೆ. ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ, ಅದು ಪೂರ್ಣ ಪ್ರಕಾಶದಲ್ಲಿ ಉರಿದರೆ ದಾರಿ ಚೊಕ್ಕ. ಮಂಕಾದರೆ ದಾರಿಯಲ್ಲಿ ಎಲ್ಲೋ ಅಡಚಣೆಯಿದೆ. ಬಲ್ಬು ಉರಿಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ತುದಿಗೂ ಅರ್ಥ್ ಪಿನ್ನಿಗೂ ಮೀಟರ್ ಹಿಡಿದರೆ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಹೆಚ್ಚು ಕಂಡರೆ ಕಾರಿನ ಲೋಹದ ಮೈಗೆ ಅರ್ಥ್ ಕೂಡಿಸಿದ ಬೋಲ್ಟನ್ನು ಬಿಚ್ಚಿ ತುಕ್ಕು ಉಜ್ಜಿದರೆ ಅಲ್ಲಿಗೆ ರಿಪೇರಿ ಮುಗಿಯುವುದೂ ಉಂಟು.

ಸಂಪರ್ಕದ ತಂತಿಗಳ ಪರೀಕ್ಷೆ ಇನ್ನೂ ಸೊಗಸಾದದ್ದು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ಪದ್ಧತಿಯಲ್ಲಿ, ಒಂದಕ್ಕೊಂದು ಹೆಣೆದುಕೊಂಡ ಎರಡೇ ತಂತಿಗಳ ಮೇಲೆ ಕಾರಿನ ಮಾಡ್ಯೂಲ್‌ಗಳು ಮಾತಾಡಿಕೊಳ್ಳುತ್ತವೆ; ಸಂಕೇತಗಳು ತುದಿಗೆ ಬಡಿದು ಹಿಂದಿರುಗಿ ಗೊಂದಲವಾಗದಂತೆ ತಂತಿಯ ಎರಡೂ ಕೊನೆಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಒಬಿಡಿ ಕಪ್ಲರಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದಾಗ ಸಾಮಾನ್ಯವಾಗಿ 60 ಓಮ್ ಸಿಗಬೇಕು, ಏಕೆಂದರೆ ಎರಡು ಸಮಾನ ರೆಸಿಸ್ಟರ್‌ಗಳು ಸಮಾಂತರವಾಗಿ ಕೂಡಿದಾಗ ಅರ್ಧವಾಗುತ್ತವೆ. 120 ಸಿಕ್ಕರೆ ಒಂದು ಕೊನೆ ಕಳಚಿದೆ, ಸೊನ್ನೆಯ ಹತ್ತಿರ ಸಿಕ್ಕರೆ ಎರಡು ತಂತಿಗಳು ಎಲ್ಲೋ ಒಂದನ್ನೊಂದು ಮುಟ್ಟಿವೆ. ಬ್ಯಾಟರಿಯ ಹೊರತು ಬೇರಾವ ಭಾಗವನ್ನೂ ಬಿಚ್ಚದೆ, ಇನ್ನೂರು ಮುನ್ನೂರು ರೂಪಾಯಿಯ ಮೀಟರಿನಿಂದ ಇಷ್ಟು ತಿಳಿಯುವುದು ಈ ಪದ್ಧತಿಯ ದೊಡ್ಡ ಉಪಕಾರ.

ಈ ಸೀಮೆಯ ವಿಶೇಷ ಕಷ್ಟವೆಂದರೆ ನೀರು. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಬೆಂಗಳೂರಿನ ಕಡೆಗೂ ಬೆಳ್ತಂಗಡಿ, ಉಜಿರೆ, ಚಾರ್ಮಾಡಿಯ ಕಡೆಗೂ ಕವಲೊಡೆಯುವ ಹೆದ್ದಾರಿಗಳಲ್ಲಿ, ಮಂಗಳೂರಿನಿಂದ ಮೂಡುಬಿದಿರೆಯ ಮೂಲಕ ಕಾರ್ಕಳಕ್ಕೆ ಸಾಗುವ ದಾರಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಕೆಳಭಾಗ ಒಣಗುವುದೇ ಅಪರೂಪ. ಪೆಟ್ಟಿಗೆಗೆ ರಬ್ಬರಿನ ಸೀಲ್ ಇದ್ದರೂ ನೀರು ಒಳಸೇರುವುದಕ್ಕೆ ಭೌತವಿಜ್ಞಾನದ ಕಾರಣವಿದೆ. ಎಂಜಿನ್ ಪಕ್ಕದಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಪೆಟ್ಟಿಗೆಯ ಮೇಲೆ ಹೊಂಡದ ತಣ್ಣೀರು ಎರಚಿ ಒಳಗಿನ ಗಾಳಿ 25 ಡಿಗ್ರಿಗೆ ಇಳಿದರೆ, ಅನಿಲದ ನಿಯಮದ ಪ್ರಕಾರ ಒಳಗಿನ ಒತ್ತಡ ಸುಮಾರು ಆರನೆಯ ಒಂದು ಪಾಲು ಕುಸಿಯುತ್ತದೆ. ಹೊರಗಿನ ವಾಯುಭಾರ ಆ ಕೊರತೆಯನ್ನು ತುಂಬಲು ಹೊರಟು, ಹಳಸಿದ ಸೀಲಿನ ಸಂದಿಯಿಂದ ನೀರನ್ನೂ ಒಳಕ್ಕೆ ತಳ್ಳುತ್ತದೆ. ಇದನ್ನು ತಡೆಯಲೆಂದೇ ಹಲವು ಪೆಟ್ಟಿಗೆಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುಪೊರೆಯ ಕಿಂಡಿ ಇಟ್ಟಿರುತ್ತಾರೆ. ಕೆಸರು ಮೆತ್ತಿ ಅದು ಮುಚ್ಚಿಹೋದರೆ ರಕ್ಷಣೆ ತಪ್ಪಿತು. ಎರಡನೆಯ ದಾರಿ ತಂತಿಯೊಳಗಿನದು: ಇನ್ಸುಲೇಷನ್ ಗಾಯಗೊಂಡಲ್ಲಿ ಒಳಹೊಕ್ಕ ನೀರು ತಾಮ್ರದ ಎಳೆಗಳ ನಡುವೆ ಲೋಮನಾಳ ಕ್ರಿಯೆಯಿಂದ, ಅಂದರೆ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಅದೇ ಬಲದಿಂದ, ದೂರದವರೆಗೆ ನಡೆದು ಕಪ್ಲರಿನೊಳಗಿನಿಂದಲೇ ಹೊರಬೀಳುತ್ತದೆ. ಹಲಸು, ಮಾವಿನ ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರ್ ಕೆಳಗಿನ ನೀರುದಾರಿ ತರಗೆಲೆಗಳಿಂದ ಕಟ್ಟಿಕೊಂಡು, ನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳಿಯುವುದು ಮೂರನೆಯದು. ಕಪ್ಲರ್ ಬಿಚ್ಚಿದಾಗ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಂಡರೆ, ನೀರು ಇತ್ತ ಬಂದು ಹೋಗಿದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ನೆರೆಯಲ್ಲಿ ಮುಳುಗಿದ ಕಾರಿನ ಮಾತು ಬೇರೆಯೇ. ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ 1974ರ ನೆರೆ ಇಂದಿಗೂ ಮಾತಿನಲ್ಲಿದೆ; 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯ ಸಂಚಾರ ನಿಂತ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ನದೀತೀರದ ಮನೆ, ತೋಟಗಳಿಗೆ ನೀರು ನುಗ್ಗಿತ್ತು. ಇಂಥ ಕಾರಿನ ಟಿಸಿಎಂಗೆ ಬಹುತೇಕ ಸಲ ಕುತ್ತು ತರುವುದು ಬರೀ ನೀರಲ್ಲ, ನೀರಿರುವಾಗ ಹರಿಸಿದ ವಿದ್ಯುತ್. ನೆರೆನೀರಿನಲ್ಲಿ ಕರಗಿದ ಲವಣಗಳಿಂದ ವಾಹಕವಾದ ತೇವದ ಪದರದ ಮೇಲೆ ವೋಲ್ಟೇಜ್ ಬಿದ್ದಾಗ, ಒಂದು ಪಿನ್ನಿನ ಲೋಹ ಅಯಾನುಗಳಾಗಿ ಕರಗಿ ಇನ್ನೊಂದರ ಕಡೆಗೆ ಹರಿದು, ಅಲ್ಲಿ ಜರಿಗಿಡದ ಎಲೆಯಂತೆ ಕವಲೊಡೆದ ಸೂಕ್ಷ್ಮ ಎಳೆಗಳಾಗಿ ಬೆಳೆಯುತ್ತದೆ, ಎಳೆ ಎದುರು ದಡ ಮುಟ್ಟಿದೊಡನೆ ಶಾರ್ಟ್ ಆಗುತ್ತದೆ. ಆದ್ದರಿಂದ ನೀರಿಳಿದ ಮೇಲೆ ಕೀ ತಿರುಗಿಸಿ ನೋಡುವ ಆತುರವೇ ಅತ್ಯಂತ ಅಪಾಯದ್ದು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ಟಿಗೆಯನ್ನು ಹೊರತೆಗೆದು, ತೆರೆಯಲು ಬರುವಂಥದಾದರೆ ಭಟ್ಟಿ ಇಳಿಸಿದ ನೀರಿನಿಂದಲೂ ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೂ ತೊಳೆದು, ಪೂರ್ತಿ ಒಣಗಿಸಿದ ಮೇಲಷ್ಟೇ ಪರೀಕ್ಷೆಗೆ ಒಡ್ಡಬೇಕು. ಈ ಕ್ರಮ ಪಾಲಿಸಿದಲ್ಲಿ ಉಳಿಯಬಹುದಾದ ಪೆಟ್ಟಿಗೆಗಳು ಅವಸರದಿಂದ ಹಾಳಾಗುವುದು ನಿಜಕ್ಕೂ ದುಃಖದ ಸಂಗತಿ.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತಂತಿಗಳು ತೇರ್ಗಡೆಯಾಗಿ, ಪೆಟ್ಟಿಗೆಯೇ ಕೆಟ್ಟಿದೆ ಎಂದು ಖಚಿತವಾದರೆ, ಅದೇಕೆ ಕೆಟ್ಟಿತು ಎಂಬ ಪ್ರಶ್ನೆ ಏಳುತ್ತದೆ. ಆರು ಓಮ್ ಇರಬೇಕಾದ ಸೊಲೆನಾಯ್ಡ್ ಸುರುಳಿ 12 ವೋಲ್ಟಿನಲ್ಲಿ ಎರಡು ಆಂಪಿಯರ್ ಎಳೆಯುತ್ತದೆ. ಒಳಸುತ್ತುಗಳು ಸುಟ್ಟು ಒಂದೇ ಓಮ್ ಉಳಿದರೆ ಅದೇ ಸುರುಳಿ 12 ಆಂಪಿಯರ್ ಬೇಡುತ್ತದೆ. ಸುರುಳಿಗೆ ವಿದ್ಯುತ್ ಒದಗಿಸುವ ಟ್ರಾನ್ಸಿಸ್ಟರ್‌ಗೆ ಅದು ತಡೆಯಲಾರದ ಹೊರೆ. ಹೀಗಿರುವಾಗ ಸೊಲೆನಾಯ್ಡ್‌ಗಳನ್ನೂ ಪಂಪಿನ ಮೋಟರನ್ನೂ ಅಳೆಯದೆ ಹೊಸ ಟಿಸಿಎಂ ಕೂರಿಸಿದರೆ ಹೊಸದೂ ಹಳೆಯದರ ಹಾದಿ ಹಿಡಿಯುತ್ತದೆ. ಹಲವು ಎಎಂಟಿ ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದೊಡನೆ ಪಂಪು ಗುಯ್‌ಗುಟ್ಟುವುದು ಕೇಳಿಸುತ್ತದೆ. ಆ ಸದ್ದು ಇಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಬೇಕು, ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿದರೆ ಎಣ್ಣೆ ಸೋರಿಕೆಯನ್ನೋ ಒತ್ತಡ ಕೂಡಿಡುವ ಭಾಗ ಸೋತಿರುವುದನ್ನೋ ಶಂಕಿಸಬೇಕು.

ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವ ಪೆಟ್ಟಿಗೆಯಲ್ಲಿ ಬೆಸುಗೆಯ ಬಿರುಕನ್ನು ಮೊದಲು ಹುಡುಕಬೇಕು. ಸಾವಿರಾರು ಸಲ ಹಿಗ್ಗಿ ಕುಗ್ಗಿ ದಣಿದ ಬೆಸುಗೆಯನ್ನು, ಸುಟ್ಟ ಟ್ರಾನ್ಸಿಸ್ಟರನ್ನು, ಉಬ್ಬಿದ ಕೆಪಾಸಿಟರನ್ನು ಅನುಭವಿ ತಂತ್ರಜ್ಞ ಬದಲಿಸಬಲ್ಲ. ಪಿಂಗಾಣಿ ಹಲಗೆಯ ಮೇಲೆ ಕೂದಲೆಳೆಯಂಥ ಅಲ್ಯುಮಿನಿಯಂ ತಂತಿ ಬೆಸೆದು ಮೇಲೆ ಜೆಲ್ ಸುರಿದಿರುವ ಪೆಟ್ಟಿಗೆಗಳು ಮಾತ್ರ ಸಾಮಾನ್ಯ ಬೆಸುಗೆಕಡ್ಡಿಗೆ ದಕ್ಕುವುದಿಲ್ಲ.

ಬದಲಿ ಪೆಟ್ಟಿಗೆ ತರುವಾಗ ಭಾಗದ ಸಂಖ್ಯೆ ಹೊಂದಿದರೆ ಸಾಲದು. ಒಳಗಿನ ತಂತ್ರಾಂಶ ಅದೇ ಎಂಜಿನ್, ಅದೇ ಗೇರ್‌ಬಾಕ್ಸಿಗೆ ಸೇರಿದ್ದಾಗಿರಬೇಕು, ಹಲವು ಗಾಡಿಗಳಲ್ಲಿ 17 ಅಕ್ಷರಗಳ ವಾಹನ ಗುರುತಿನ ಸಂಖ್ಯೆಯನ್ನೂ ಅದಕ್ಕೆ ಬರೆಯಬೇಕು. ಬರೆಯುವ ನಡುವೆ ವಿದ್ಯುತ್ ತಪ್ಪಿದರೆ ಒಳ್ಳೆಯ ಪೆಟ್ಟಿಗೆಯೂ ನಿರುಪಯೋಗಿಯಾದೀತು. ಗಾಳಿಮಳೆಗೆ ವಿದ್ಯುತ್ ಲೈನು ಆಗಾಗ ಕಡಿಯುವ ಊರುಗಳಲ್ಲಿ ಈ ಕೆಲಸಕ್ಕೆ ಚೆನ್ನಾಗಿ ಚಾರ್ಜಾದ ಲ್ಯಾಪ್‌ಟಾಪ್ ಮತ್ತು ಕಾರಿನ ಬ್ಯಾಟರಿಗೆ ಸ್ಥಿರ ವೋಲ್ಟೇಜಿನ ಆಸರೆ ಎರಡೂ ಬೇಕು. ಪೆಟ್ಟಿಗೆಯನ್ನು ಕೂರಿಸುವ ಮೊದಲು ನೀರು ಬಂದ ದಾರಿಯನ್ನು ಮುಚ್ಚಿ, ತರಗೆಲೆ ತೆಗೆದು, ವಯರಿನ ಕಟ್ಟು ಕಪ್ಲರಿಗಿಂತ ಕೆಳಕ್ಕೆ ಬಾಗಿ ಅನಂತರ ಮೇಲೇರುವಂತೆ ಕಟ್ಟಿದರೆ, ತಂತಿಯ ಮೇಲೆ ಹರಿದುಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕೊನೆಯ ಹಂತ ಕಲಿಕೆ. ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ, ಅದು ಕಚ್ಚಲು ಆರಂಭಿಸುವ ಬಿಂದು ಯಾವುದು, ಪ್ರತಿ ಗೇರ್ ನಿಲ್ಲುವ ನಿಖರ ಸ್ಥಾನ ಯಾವುದು ಎಂಬುದು ಹೊಸ ಟಿಸಿಎಂಗೆ ತಿಳಿದಿರುವುದಿಲ್ಲ. ಸ್ಕ್ಯಾನರಿನ ಮೂಲಕ ಆಜ್ಞೆ ಕೊಟ್ಟಾಗ ಅದು ತಾನೇ ಕ್ಲಚ್ಚನ್ನೂ ಗೇರುಗಳನ್ನೂ ಚಲಿಸಿ ಅಳತೆಗಳನ್ನು ದಾಖಲಿಸಿಕೊಳ್ಳುತ್ತದೆ. ಈ ಹಂತವನ್ನು ಬಿಟ್ಟರೆ ಗಾಡಿ ಜಗ್ಗುತ್ತದೆ, ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ರಿಪೇರಿಯೇ ಸರಿಯಾಗಲಿಲ್ಲವೆಂಬ ಅಪವಾದ ಬರುತ್ತದೆ. ಕಲಿಕೆ ಮುಗಿದ ಮೇಲೆ ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ಪೆಟ್ಟಿಗೆ, ಎಣ್ಣೆ, ಕ್ಲಚ್ ಮೂರೂ ಬಿಸಿಯಾಗುವಂತೆ, ಉಜಿರೆಯಿಂದ ಚಾರ್ಮಾಡಿಯ ತಿರುವುಗಳನ್ನು ಹತ್ತಿಸುವಷ್ಟಾದರೂ ಓಡಿಸಿ, ನಡುವೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿದ ಮೇಲೆ ಸ್ಕ್ಯಾನರನ್ನು ಮತ್ತೊಮ್ಮೆ ಜೋಡಿಸಬೇಕು. ಆಗಲೂ ಟಿಸಿಎಂ ಉತ್ತರ ಕೊಟ್ಟು, ಹೊಸ ದೋಷಸಂಕೇತ ಒಂದೂ ಇಲ್ಲದಿದ್ದರೆ ಗಾಡಿಯನ್ನು ಮಾಲೀಕರಿಗೆ ಒಪ್ಪಿಸಬಹುದು.